ಫೆಡರರ್ ರ‍್ಯಾಕೆಟ್ ಅಂತ ತಗೊಂಡೆ, ಮೊಣಕೈ ಹೋಯಿತು

ಮೊನ್ನೆ ಅದೇ ಮಾರಾಟದ ಫೋಟೊ ಮತ್ತೆ ಕಣ್ಣಿಗೆ ಬಿತ್ತು. ಬಿಳಿ ಟೈಲ್ಸ್ ಮೇಲೆ ಮಲಗಿಸಿದ ಕರಿ ರ‍್ಯಾಕೆಟ್, ಪಕ್ಕದಲ್ಲಿ ಹಳದಿ ಚೆಂಡು, ಮೂಲೆಯಲ್ಲಿ ಯಾರದೋ ಚಪ್ಪಲಿಯ ತುದಿ. ‘ವಿಲ್ಸನ್ ಪ್ರೋ ಸ್ಟಾಫ್ ಆರ್‌ಎಫ್97, ಫಾರಿನ್ ಪೀಸ್, ಎರಡೇ ಸಲ ಆಡಿದ್ದು, ಅರ್ಜೆಂಟ್ ಸೇಲ್.’ ಆರ್‌ಎಫ್ ಅಂದರೆ ಟೆನಿಸ್ ದಿಗ್ಗಜ ರೋಜರ್ ಫೆಡರರ್. 2024ರ ಮಾರ್ಚ್‌ನಲ್ಲಿ ನಾನು 14,000 ರೂಪಾಯಿ ಕೊಟ್ಟದ್ದು ಇದೇ ಫೋಟೊ ನೋಡಿ. ಅದೇ ಟೈಲ್ಸ್, ಅದೇ ಚಪ್ಪಲಿ. ಆಗಲೂ ಎರಡೇ ಸಲ ಆಡಿದ್ದು, ಈಗಲೂ ಎರಡೇ ಸಲ. ಬೆಳಗಾವಿಯಲ್ಲಿ ಹೊಸದಾಗಿ ಟೆನಿಸ್ ಶುರು ಮಾಡುತ್ತಿರುವ ಇನ್ಯಾರೋ ಈ ಹೊತ್ತಿಗೆ ಆ ಮಾರುವವನಿಗೆ ಮೆಸೇಜ್ ಹಾಕಿರಬಹುದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಹುಚ್ಚು ಶುರುವಾದದ್ದು ಬೋಪಣ್ಣನಿಂದ. 2024ರ ಜನವರಿ 27ರಂದು ಕೊಡಗಿನ ರೋಹನ್ ಬೋಪಣ್ಣ, ಮ್ಯಾಥ್ಯೂ ಎಬ್ಡನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು. ಅವರಿಗೆ ಆಗ 43. ನನಗೂ 43. ಸವೆದ ಮಂಡಿ ಇಟ್ಟುಕೊಂಡು ಅವರು ಮೆಲ್ಬರ್ನ್‌ನಲ್ಲಿ ಗೆಲ್ಲಬಹುದಾದರೆ, ನಾನು ಬೆಳಗಾವಿಯ ಟಿಳಕವಾಡಿಯಲ್ಲಿ ಓಡಾಡಬಾರದಾ? ಅವರು ಚಿಕ್ಕಂದಿನಿಂದ ಆಡಿಕೊಂಡು ಬಂದವರು, ನಾನು ಚಿಕ್ಕಂದಿನಿಂದ ಕೂತುಕೊಂಡು ಬಂದವನು ಅನ್ನೋದು ಆ ಸಂಜೆ ಹೊಳೆಯಲೇ ಇಲ್ಲ.

ಮನೆ ಹತ್ತಿರ ಒಂದು ಕೆಂಪು ಮಣ್ಣಿನ ಕೋರ್ಟ್ ಇದೆ. ಬೆಳಿಗ್ಗೆ ಆರಕ್ಕೆ ನಾಲ್ಕೈದು ಜನ ಸೇರುತ್ತಾರೆ. ಒಂದು ತಿಂಗಳು ಅವರ ಹಳೇ ರ‍್ಯಾಕೆಟ್ ಇಸಕೊಂಡು ಆಡಿದೆ. ಚೆನ್ನಾಗೇ ಇತ್ತು, ಕೈ ನೋಯಲಿಲ್ಲ, ಚೆಂಡು ಹತ್ತರಲ್ಲಿ ಐದು ಸಲ ಒಳಗೇ ಬೀಳುತ್ತಿತ್ತು. ಅಲ್ಲಿಗೆ ಸುಮ್ನೆ ಇರಬೇಕಿತ್ತು.

ಮಾರುವವನಿಗೆ ಮೆಸೇಜ್ ಹಾಕಿದಾಗ ಅವನು ಮೊದಲು ಕೇಳಿದ್ದು ದುಡ್ಡಿನ ವಿಷಯ ಅಲ್ಲ. ‘ಸರ್, ನಿಮ್ಮ ಲೆವೆಲ್ ಎಷ್ಟು?’ ಅಂದ. ಅಲ್ಲೇ ನಾನು ಬಿದ್ದೆ. ಅಮೆರಿಕದಲ್ಲಿ ಹವ್ಯಾಸಿ ಆಟಗಾರರನ್ನು ಅಳೆಯಲು ಎನ್‌ಟಿಆರ್‌ಪಿ ಅಂತ ಒಂದು ಲೆಕ್ಕ ಇದೆ. 1.0ರಿಂದ 7.0ರವರೆಗೆ, ಅರ್ಧರ್ಧ ಮೆಟ್ಟಿಲು. 3.5 ಅಂದರೆ ಸಾಧಾರಣ ವೇಗದ ಚೆಂಡನ್ನು ಬೇಕಾದ ದಿಕ್ಕಿಗೆ ನಂಬಿಕೆಯಿಂದ ಕಳಿಸಬಲ್ಲವರು. ಇದನ್ನೆಲ್ಲ ರಾತ್ರಿ ಓದಿ, ಬೆಳಿಗ್ಗೆ ಘನವಾಗಿ ‘3.5’ ಅಂತ ಉತ್ತರ ಕೊಟ್ಟೆ. ನಿಜ ಹೇಳಬೇಕಂದರೆ ನಾನು 2.0, ಅದೂ ಗಾಳಿ ಇಲ್ಲದ ದಿನ. ಅವನು ತಕ್ಷಣ, ‘ಹಾಗಾದ್ರೆ ಸಾದಾ ರ‍್ಯಾಕೆಟ್ ನಿಮ್ಮ ಕೈಗೆ ಸಾಲಲ್ಲ ಸರ್’ ಅಂದ. ಇಡೀ ಜೀವನದಲ್ಲಿ ನನ್ನ ಕೈ ಬಗ್ಗೆ ಯಾರೂ ಅಂಥ ಮಾತು ಆಡಿರಲಿಲ್ಲ.

ಬಸ್ ನಿಲ್ದಾಣದ ಹತ್ತಿರ ಕಾರಿನಲ್ಲಿ ಕೂತೇ ರ‍್ಯಾಕೆಟ್ ಕೊಟ್ಟ. ಪುಣೆಯಿಂದ ಬಂದಿದ್ದೇನೆ, ಗೋವಾಕ್ಕೆ ಹೋಗಬೇಕು, ಲೇಟಾಯ್ತು ಅಂದ. ಬಿಲ್ ಇಲ್ಲ. ‘ಪಾಲಿಯೆಸ್ಟರ್ ಗಟ್ ಹಾಕಿಸಿದ್ದೀನಿ, 60 ಪೌಂಡ್, ಪ್ರೋ ಸೆಟಿಂಗ್’ ಅಂದ. ನಾನು ತಲೆ ಆಡಿಸಿದೆ. ಆ 60 ಪೌಂಡ್ ಅಂದರೆ ಗಟ್, ಅಂದರೆ ತಲೆಗೆ ಹೆಣೆದ ತಂತಿ, ಎಷ್ಟು ಬಿಗಿ ಅನ್ನೋದರ ಅಳತೆ ಅಂತ ಆಗ ನನಗೆ ಗೊತ್ತಿರಲಿಲ್ಲ.

ಮರುದಿನ ಕೋರ್ಟಿನಲ್ಲಿ ಕವರ್ ಬಿಚ್ಚಿದೆ. ನಮ್ಮಲ್ಲಿ ಒಬ್ಬರು ಕಾಕಾ ಇದ್ದಾರೆ, ಬ್ಯಾಂಕಿನಿಂದ ನಿವೃತ್ತರು, ವಯಸ್ಸು 66. ಕೈಯಲ್ಲಿ ತಿರುಗಿಸಿ ನೋಡಿದರು.

‘ಯಾರ್ ರ‍್ಯಾಕೆಟ್ ತಮ್ಮಾ ಇದು?’

‘ಫೆಡರರ್ ಆಡ್ತಿದ್ದದ್ದು ಕಾಕಾ.’

‘ಹೌದಾ. ಮತ್ತ ಫೆಡರರ್ ಎಲ್ಲಿ ಅದಾನ?’

ಆ ದಿನ 6-1ರಲ್ಲಿ ಸೋತೆ. ಕಾಕಾನ ಆಟ ನೋಡಲು ಏನೇನೂ ಚಂದ ಇಲ್ಲ. ಜೋರಾಗಿ ಹೊಡೆಯುವುದೇ ಇಲ್ಲ. ಚೆಂಡಿನ ಅಡಿಗೆ ಕೊಯ್ದು ಸ್ಲೈಸ್ ಮಾಡುತ್ತಾರೆ, ನಾವು ಮುಂದೆ ಬಂದರೆ ತಲೆ ಮೇಲೆ ಲಾಬ್ ಎತ್ತುತ್ತಾರೆ, ನಾವೇ ತಪ್ಪು ಮಾಡುವ ತನಕ ಕಾಯುತ್ತಾರೆ. ಅವರ ರ‍್ಯಾಕೆಟ್ ದೊಡ್ಡ ತಲೆಯದು, ಇಪ್ಪತ್ತು ವರ್ಷದ್ದು, ಬಣ್ಣ ಎಲ್ಲ ಕಿತ್ತುಹೋಗಿದೆ. ನಾನು ಪ್ರತಿ ಚೆಂಡನ್ನೂ ಟಿವಿಯಲ್ಲಿ ನೋಡಿದ ಹಾಗೆ ಬೀಸುತ್ತಿದ್ದೆ, ಅದರಲ್ಲೂ ಫೆಡರರ್ ಥರ, ಕೈಯ ಹಿಂಬದಿ ಮುಂದಾಗಿ ಬೀಸುವ ಒಂದೇ ಕೈಯ ಬ್ಯಾಕ್‌ಹ್ಯಾಂಡ್. ಫೆಡರರ್ ರ‍್ಯಾಕೆಟ್‌ನಲ್ಲಿ ಎರಡು ಕೈ ಹಾಕೋದು ಮರ್ಯಾದೆ ಅಲ್ಲ ಅನ್ನಿಸಿತ್ತು. ಚೆಂಡು ದೇಹ ದಾಟಿದ ಮೇಲೆ ಮಣಿಕಟ್ಟಿನಿಂದ ತಳ್ಳುತ್ತಿದ್ದೆ. ತಾಗಿದ ಪ್ರತಿ ಸಲ ಝುಮ್ ಅಂತ ಮೊಣಕೈವರೆಗೆ ಬರುತ್ತಿತ್ತು. ಪ್ರೋ ರ‍್ಯಾಕೆಟ್ ಅಂದರೆ ಹೀಗೇ ಇರಬೇಕು ಅಂದುಕೊಂಡೆ.

ಇನ್ನೊಂದು ದಡ್ಡತನವನ್ನೂ ಹೇಳಿಬಿಡುತ್ತೇನೆ. ಚೆಂಡು ಬೇಗ ಸವೆಯುತ್ತದೆ ಅಂತ ಕ್ರಿಕೆಟ್ ಆಡುವ ಹುಡುಗರು ತಗೊಳ್ಳುವ ‘ಹೆವಿ’ ಟೆನಿಸ್ ಬಾಲ್ ಅರ್ಧ ಡಜನ್ ತಂದೆ. ಹಸಿರು, ಅದೇ ಗಾತ್ರ, ಬೆಲೆ ಕಡಿಮೆ. ಟೆನಿಸ್ ನಿಯಮದ ಪ್ರಕಾರ ಚೆಂಡು 56ರಿಂದ 59.4 ಗ್ರಾಂ ಇರಬೇಕು. ಇವು 80 ಗ್ರಾಂ ಮೇಲೆ. ಅವು ಗಲ್ಲಿ ಕ್ರಿಕೆಟ್‌ಗೆ, ಬ್ಯಾಟಿನ ಹೊಡೆತಕ್ಕೆ ಮಾಡಿದವು. ಅವುಗಳಲ್ಲಿ ಎರಡು ವಾರ ಸರ್ವಿಸ್ ಪ್ರ್ಯಾಕ್ಟೀಸ್ ಮಾಡಿದೆ.

ಜೂನ್‌ನಲ್ಲಿ ಮಳೆ ಹಿಡಿಯಿತು, ಕೋರ್ಟ್ ಕೆಸರಾಯಿತು. ನಮ್ಮೂರ ಮಳೆ ಗೊತ್ತಲ್ಲ, ಶುರುವಾದರೆ ಸೆಪ್ಟೆಂಬರ್‌ವರೆಗೆ ಮಣ್ಣಿನ ಕೋರ್ಟ್ ಮರೆತುಬಿಡಬೇಕು. ಆಟ ನಿಂತಿತು, ನೋವು ನಿಲ್ಲಲಿಲ್ಲ. ಒಂದು ಬೆಳಿಗ್ಗೆ ಚಹಾದ ಪಾತ್ರೆ ಒಲೆಯಿಂದ ಎತ್ತಲು ಹೋದೆ. ಇಕ್ಕಳದಲ್ಲಿ ಹಿಡಿದೆ, ಎತ್ತಿದೆ, ಮೊಣಕೈಯ ಹೊರಗಿನ ಮೂಳೆ ಮೇಲೆ ಯಾರೋ ಮೊಳೆ ಹೊಡೆದ ಹಾಗಾಯಿತು. ಪಾತ್ರೆ ಕಟ್ಟೆ ಮೇಲೆ, ಚಹಾ ನೆಲದ ಮೇಲೆ. ಹೆಂಡತಿ ಒರೆಸುವ ಬಟ್ಟೆ ತಂದು ನನ್ನ ಕೈಗೇ ಕೊಟ್ಟಳು. ಅದನ್ನು ಹಿಂಡಲೂ ಆಗಲಿಲ್ಲ.

ಫಿಸಿಯೋಥೆರಪಿಸ್ಟ್ ನಕ್ಕುಬಿಟ್ಟರು. ‘ನನ್ನ ಕಡೆ ಟೆನಿಸ್ ಎಲ್ಬೋ ಅಂತ ಬರೋರು ರೊಟ್ಟಿ ಬಡಿಯೋ ಅಕ್ಕಂದಿರು, ಬಡಿಗೇರು, ಪೇಂಟರ್‌ಗಳು. ಟೆನಿಸ್ ಆಡೇ ಮಾಡ್ಕೊಂಡು ಬಂದವ್ರು ನೀವ ಮೊದಲ್ನೇಯವ್ರು ನೋಡ್ರಿ.’ ಮಣಿಕಟ್ಟನ್ನು ಮೇಲೆತ್ತುವ ಸ್ನಾಯುಗಳ ಕಂಡರ, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ, ಮೊಣಕೈ ಹತ್ತಿರ ಮೂಳೆಗೆ ಕೂಡುತ್ತದೆ. ಅಲ್ಲಿ ಮತ್ತೆ ಮತ್ತೆ ಜಗ್ಗಿ ಸಣ್ಣ ಸಣ್ಣದಾಗಿ ಹರಿಯುತ್ತದೆ. ಸಚಿನ್ ತೆಂಡೂಲ್ಕರ್‌ಗೂ 2004ರಲ್ಲಿ ಇದೇ ಆಗಿ, 2005ರಲ್ಲಿ ಆಪರೇಷನ್ ಆಯಿತು. ಹೆಚ್ಚಿನವರಿಗೆ ಆಪರೇಷನ್ ಬೇಕಾಗುವುದಿಲ್ಲ, ಆದರೆ ತಿಂಗಳುಗಟ್ಟಲೆ ತಾಳ್ಮೆ ಬೇಕು. ಫಿಸಿಯೋ ಮಾಡಿಸಿದ ಪರೀಕ್ಷೆ ಸುಲಭ: ಅಂಗೈ ಕೆಳಗೆ ಮಾಡಿ, ಕುರ್ಚಿಯ ಬೆನ್ನು ಹಿಡಿದು, ಕೈ ನೀಟಾಗಿ ಚಾಚಿ ಎತ್ತಬೇಕು. ಕುರ್ಚಿ ನೆಲ ಬಿಡಲಿಲ್ಲ. ಇಂಜೆಕ್ಷನ್ ಕೇಳಿದೆ. ಸ್ಟಿರಾಯ್ಡ್ ಇಂಜೆಕ್ಷನ್‌ನಿಂದ ನೋವು ಬೇಗ ಇಳಿಯುತ್ತದೆ, ಆದರೆ ಮತ್ತೆ ಬರುವುದೂ ಜಾಸ್ತಿ ಅಂದರು. ಬೇಡ ಅಂದೆ.

ರ‍್ಯಾಕೆಟ್ ನಕಲಿ ಅಂತ ಗೊತ್ತಾದದ್ದು ಆಮೇಲೆ. ಆ ಗಟ್ ತೆಗೆಸಿ ಮೆತ್ತಗಿನದು ಹಾಕಿಸೋಣ ಅಂತ ಅಂಗಡಿಗೆ ಹೋದೆ. ಗಟ್ ಹಾಕುವ ಹುಡುಗ ಕೈಗೆ ತಗೊಂಡವನೇ, ‘ಇದು ಹಗುರ ಅದರೀ, ತೂಕ ಮಾಡ್ಸ್ರಿ’ ಅಂದ. ಪಕ್ಕದಲ್ಲೇ ಕುಂದಾ ಅಂಗಡಿ. ಕುಂದಾ ತೂಗುವ ತಕ್ಕಡಿ ಮೇಲೆ ಪೇಪರ್ ಹಾಸಿ ರ‍್ಯಾಕೆಟ್ ಇಟ್ಟರು. 322 ಗ್ರಾಂ. ಅಸಲಿ ಆರ್‌ಎಫ್97 ಗಟ್ ಇಲ್ಲದೆಯೇ 340 ಗ್ರಾಂ. ಗಟ್ ಹಾಕಿದರೆ ಇನ್ನೂ ಹದಿನೈದು ಗ್ರಾಂ ಏರುತ್ತದೆ. ಅಂದರೆ 355ರ ಮೇಲೆ ತೋರಿಸಬೇಕಿತ್ತು. ಕುಂದಾ ಅಂಗಡಿಯವರು, ‘ಅರ್ಧ ಕಿಲೋನೂ ಇಲ್ಲಲ್ರೀ ಸಾಹೇಬ್ರ’ ಅಂದರು. ಲೆಕ್ಕ ಹಾಕಿದೆ, ಕಿಲೋಗೆ 43,000 ಬಿದ್ದಿತ್ತು. ಹುಡುಗ ಅದನ್ನು ಒಂದು ಬೆರಳ ಮೇಲೆ ನಿಲ್ಲಿಸಿಯೂ ತೋರಿಸಿದ. ಅಸಲಿಯದು ಹಿಡಿಕೆ ಕಡೆ ಭಾರ, ನನ್ನದು ತಲೆ ಕಡೆ ವಾಲಿತು.

ಹಾಗಂತ ಅಸಲಿ ಸಿಕ್ಕಿದ್ದರೆ ಕೈ ಉಳಿಯುತ್ತಿತ್ತು ಅಂತ ನಾನು ಹೇಳಲ್ಲ. ಅದು 2014ರಲ್ಲಿ ಫೆಡರರ್ ಕೈಗೆ ಅಂತ ಬಂದ ರ‍್ಯಾಕೆಟ್. 97 ಅಂದರೆ ತಲೆಯ ಅಳತೆ, ಚದರ ಇಂಚಿನಲ್ಲಿ. ಅಷ್ಟು ತೂಕವನ್ನು ಸರಿಯಾದ ಹೊತ್ತಿಗೆ ಬೀಸಲು ಅವರಿಗೆ ಬರುತ್ತದೆ, ನನಗೆ ಬರಲ್ಲ. ಪಾಲಿಯೆಸ್ಟರ್ ಗಟ್ ಕೂಡ ಹಾಗೇ. ತುಂಬಾ ಗಟ್ಟಿ. ವೇಗವಾಗಿ ಬೀಸಿ ಚೆಂಡು ಸುತ್ತಿಸುವವರಿಗೆ ಅದು ಲಾಭ. ನಿಧಾನ ಬೀಸುವವರಿಗೆ ಪೆಟ್ಟು ನೇರ ಕೈಗೆ. ಮೇಲಾಗಿ ಅದರ ಬಿಗಿ ಬೇಗ ಸತ್ತುಹೋಗುತ್ತದೆ. ಹರಿಯುವುದಿಲ್ಲವಾದ್ದರಿಂದ ನಾವು ಬದಲಿಸುವುದೂ ಇಲ್ಲ.

ಹಿಡಿಕೆಯೂ ತಪ್ಪಾಗಿತ್ತು, ಎಲ್4, ಅಂದರೆ ನಾಲ್ಕೂವರೆ ಇಂಚು ಸುತ್ತಳತೆ. ರ‍್ಯಾಕೆಟ್ ಹಿಡಿದಾಗ ಉಂಗುರ ಬೆರಳಿನ ತುದಿಗೂ ಅಂಗೈಗೂ ನಡುವೆ ಇನ್ನೊಂದು ಕೈಯ ತೋರುಬೆರಳು ಕೂರುವಷ್ಟು ಜಾಗ ಇರಬೇಕು. ನನಗೆ ಎರಡು ಬೆರಳು ಕೂರುತ್ತಿದ್ದವು. ನನ್ನ ಕೈಗೆ ಎಲ್2 ಸಾಕು. ಇದನ್ನು ಆ ಕಾರಿನಲ್ಲೇ ನೋಡಬಹುದಿತ್ತು, ಹತ್ತು ಸೆಕೆಂಡಿನ ಕೆಲಸ.

ನೀವು ಸೆಕೆಂಡ್ ಹ್ಯಾಂಡ್ ತಗೊಳ್ಳುವುದಾದರೆ ಜೇಬಿನಲ್ಲಿ ಒಂದು ಅಡುಗೆಮನೆ ತಕ್ಕಡಿ ಇರಲಿ, ಯಾರು ನಕ್ಕರೂ ಪರವಾಗಿಲ್ಲ. ಫ್ರೇಮ್ ಮೇಲೆ ಬರೆದ ತೂಕಕ್ಕೆ ಗಟ್‌ನ ಹದಿನೈದು ಗ್ರಾಂ ಕೂಡಿಸಿ ನೋಡಿ. ಕಾರಿನಲ್ಲಿ ಕೂತು ಮಾರುವವನ ಹತ್ತಿರ ತಗೊಳ್ಳಲೇಬೇಡಿ, ಕೋರ್ಟಿಗೆ ಬಾ, ಅರ್ಧ ಗಂಟೆ ಆಡಿ ನೋಡುತ್ತೇನೆ ಅನ್ನಿ. ಹೊಸಬರಿಗೆ 280ರಿಂದ 300 ಗ್ರಾಂ, 100ರಿಂದ 105 ಚದರ ಇಂಚಿನ ತಲೆ, ಸಿಂಥೆಟಿಕ್ ಅಥವಾ ಮಲ್ಟಿಫಿಲಮೆಂಟ್ (ಸಣ್ಣ ಎಳೆಗಳನ್ನು ಸೇರಿಸಿ ಮಾಡಿದ, ಮೆತ್ತಗಿನ) ಗಟ್, 50 ಪೌಂಡ್ ಆಸುಪಾಸು. ಯಾರಾದರೂ ಲೆವೆಲ್ ಕೇಳಿದರೆ ನಿಮಗೆ ತೋಚಿದ್ದರಲ್ಲಿ ಒಂದು ಕಳೆದು ಹೇಳಿ.

ಆ ಫೋಟೊ ಕೆಳಗೆ ‘ತೂಕ ಎಷ್ಟು?’ ಅಂತ ಕೇಳಿದೆ. ಬ್ಲಾಕ್ ಮಾಡಿದ. ಈಗ ಕಾಕಾನ ಇನ್ನೊಂದು ಹಳೇ ರ‍್ಯಾಕೆಟ್‌ನಲ್ಲಿ ವಾರಕ್ಕೆ ಎರಡು ದಿನ ಆಡುತ್ತೇನೆ, ಬ್ಯಾಕ್‌ಹ್ಯಾಂಡ್ ಎರಡೂ ಕೈಯಲ್ಲಿ. ಬೆಳಿಗ್ಗೆ ಹೊರಡುವ ಮುಂಚೆ ಕುರ್ಚಿ ಎತ್ತಿ ನೋಡುತ್ತೇನೆ. ಪ್ಲಾಸ್ಟಿಕ್‌ದು ಬರುತ್ತದೆ. ಕಟ್ಟಿಗೆಯದು ಇನ್ನೂ ಇಲ್ಲ.