ತಪ್ಪು ತಪಾಸಣೆ ದಾಖಲೆ: ಐದು ಚೆಕ್‌ಲಿಸ್ಟ್ ತಂತ್ರಾಂಶಗಳಲ್ಲಿ ‘ಡಿಲೀಟ್’ ಒತ್ತಿದರೆ ಏನು ಹೋಗುತ್ತದೆ, ಏನು ಉಳಿಯುತ್ತದೆ

ಗೂಗಲ್ ಫಾರ್ಮ್ಸ್, ಕೊಬೊ ಟೂಲ್‌ಬಾಕ್ಸ್, ಓಡಿಕೆ ಸೆಂಟ್ರಲ್, ಮೈಕ್ರೋಸಾಫ್ಟ್ ಲಿಸ್ಟ್ಸ್, ಸೇಫ್ಟಿಕಲ್ಚರ್: ತಪಾಸಣೆಯ ನಮೂದುಗಳನ್ನು ತುಂಬಿಸಿ ಒಂದು ಪಟ್ಟಿಯಲ್ಲಿ ಕೂಡಿಡುವ ತಂತ್ರಾಂಶಗಳಿವು. ಐದಕ್ಕೂ ಒಂದೇ ಪರೀಕ್ಷೆ. ಹೋಟೆಲ್ ಅಡುಗೆಮನೆಯ ಕೂಲರ್ ತಪಾಸಣೆಯ ಫಾರ್ಮ್. ಬೆಳಿಗ್ಗೆ ಒಂದು, ಸಂಜೆ ಒಂದು ನಮೂದು. ಹೊಸಬರಿಗೆ ಕಲಿಸುವಾಗ ಪ್ರಾಯೋಗಿಕ ಫಾರ್ಮ್ ತೆರೆಯುವ ಬದಲು ಚಾಲ್ತಿಯಲ್ಲಿದ್ದ ಫಾರ್ಮನ್ನೇ ತೆರೆದು, ‘ಕೂಲರ್ 2, ತಾಪಮಾನ 42’ ಎಂದು ಹಾಕಿ, ಗೋಡೆಯದೊಂದು ಫೋಟೋ ಸೇರಿಸಿ ಕಳಿಸಿಬಿಟ್ಟರು ಎಂದುಕೊಳ್ಳಿ. ತಿಂಗಳ 60 ನಮೂದುಗಳ ಸರಾಸರಿ 4 ಡಿಗ್ರಿ ಇದ್ದದ್ದು ಈ ಒಂದರಿಂದ 4.6ಕ್ಕೆ ಏರುತ್ತದೆ. ಗರಿಷ್ಠ ತಾಪಮಾನದ ಕಾಲಂನಲ್ಲಂತೂ 42 ಎಂದು ಕಣ್ಣಿಗೆ ರಾಚುತ್ತದೆ. 5 ಡಿಗ್ರಿ ಮಿತಿಯ ಕೂಲರ್‌ಗೆ 42 ಬಂದಿದ್ದರೆ ಯಾವ ಆಡಿಟರ್ ಸುಮ್ಮನಿರುತ್ತಾರೆ?

ಅಳಿಸಿದ ಮೇಲೆ ಐದು ಕಡೆ ಹುಡುಕಬೇಕು: ಮುಖ್ಯ ಪಟ್ಟಿ, ಫೋಟೋ, ಈಗಾಗಲೇ ಇಳಿಸಿಕೊಂಡ ಎಕ್ಸೆಲ್ ಅಥವಾ ಪಿಡಿಎಫ್, ತಪಾಸಣೆ ಮಾಡಿದವರ ಫೋನು, ಆ ಡೇಟಾ ಕುಡಿದು ಚಾರ್ಟುಗಳಾಗಿ ತೋರಿಸುತ್ತಿರುವ ಡ್ಯಾಶ್‌ಬೋರ್ಡ್. ಐದರಲ್ಲೂ ಒಂದೇ ಗುಂಡಿಗೆ ಅಳಿಸುವ ತಂತ್ರಾಂಶ ಇಲ್ಲ. ವ್ಯತ್ಯಾಸ ಇರುವುದು ಎಷ್ಟು ಕಡೆ ನಾವೇ ಕೈಯಾರೆ ಗುಡಿಸಬೇಕು ಎಂಬುದರಲ್ಲಿ.

ಹೆಚ್ಚು ಜನ ಬಳಸುವುದು ಗೂಗಲ್ ಫಾರ್ಮ್ಸ್. ಹೆಚ್ಚು ಮೋಸ ಹೋಗುವುದೂ ಅಲ್ಲೇ, ಆದ್ದರಿಂದ ಅಲ್ಲಿಂದಲೇ ಶುರು ಮಾಡೋಣ. ಫಾರ್ಮಿಗೆ ಜೋಡಿಸಿದ ಗೂಗಲ್ ಶೀಟ್‌ನಲ್ಲಿ ಸಾಲು ಅಳಿಸಿ ಕೆಲಸ ಮುಗಿಯಿತು ಅಂದುಕೊಳ್ಳುವವರೇ ಬಹಳ. ಶೀಟ್ ಬರೀ ನಕಲು. ಮೂಲ ಉತ್ತರ ಫಾರ್ಮಿನೊಳಗೆ ಹಾಗೇ ಕೂತಿರುತ್ತದೆ, ಫಾರ್ಮಿನ ಸಾರಾಂಶದ ಚಾರ್ಟಿನಲ್ಲಿ ಎಣಿಕೆಯೂ ಆಗುತ್ತಿರುತ್ತದೆ. ಮುಂದೊಂದು ದಿನ ಯಾರಾದರೂ ಫಾರ್ಮನ್ನು ಹೊಸ ಶೀಟಿಗೆ ಜೋಡಿಸಿದರೆ ಅಳಿಸಿದ್ದ 42 ಮತ್ತೆ ಪ್ರತ್ಯಕ್ಷ. ತಿರುಗಿಸಿ ಮಾಡಿದರೂ ಅಷ್ಟೇ: ಫಾರ್ಮಿನಲ್ಲಿ ಮಾತ್ರ ಅಳಿಸಿದರೆ ಶೀಟಿನ ಸಾಲು ಹೋಗುವುದಿಲ್ಲ.

ಸರಿಯಾದ ದಾರಿ ಹೀಗಿದೆ. ಫಾರ್ಮ್ ತೆರೆದು ‘ರೆಸ್ಪಾನ್ಸಸ್’, ಅದರೊಳಗೆ ‘ಇಂಡಿವಿಜುವಲ್’ಗೆ ಹೋಗಿ. ಬೇಕಾದ ಉತ್ತರದ ಸಂಖ್ಯೆ ಹಾಕಿ, ಪಕ್ಕದ ಕಸದಬುಟ್ಟಿ ಚಿಹ್ನೆ ಒತ್ತಿ. ಸಂಖ್ಯೆ ಹುಡುಕುವುದು ಸುಲಭ: ಶೀಟನ್ನು ಯಾರೂ ಸಾರ್ಟ್ ಮಾಡಿರದಿದ್ದರೆ, ಸಾಲು ಕಿತ್ತಿರದಿದ್ದರೆ, ಶೀಟಿನ ಸಾಲಿನ ಸಂಖ್ಯೆಯಲ್ಲಿ ಒಂದು ಕಳೆದರೆ ಉತ್ತರದ ಸಂಖ್ಯೆ ಸಿಗುತ್ತದೆ, ಮೊದಲ ಸಾಲು ಶೀರ್ಷಿಕೆಯದ್ದಲ್ಲವೇ. ಆದರೂ ದಿನಾಂಕ, ಸಮಯ ಎರಡನ್ನೂ ತಾಳೆ ನೋಡದೆ ಒತ್ತಬೇಡಿ. ಮೂರ್ನಾಲ್ಕು ಅಳಿಸುವುದಿದ್ದರೆ ದೊಡ್ಡ ಸಂಖ್ಯೆಯಿಂದ ಕೆಳಗೆ ಬನ್ನಿ. 57ನ್ನು ಅಳಿಸಿದ ಕೂಡಲೇ 58 ಇದ್ದದ್ದು 57 ಆಗುತ್ತದೆ. ಮೇಲಿನಿಂದ ಬಂದರೆ ಈ ಜಾರುವಿಕೆ ನಮಗೆ ತಟ್ಟುವುದಿಲ್ಲ. ಅದೇ ಪುಟದ ಮೂರು ಚುಕ್ಕಿಗಳ ಮೆನುವಿನಲ್ಲಿ ‘ಡಿಲೀಟ್ ಆಲ್ ರೆಸ್ಪಾನ್ಸಸ್’ ಎಂಬುದೊಂದಿದೆ. ಒಂದೇ ಉತ್ತರ ಅಳಿಸುವುದಕ್ಕೂ ವರ್ಷದ ದಾಖಲೆಯನ್ನೆಲ್ಲ ಅಳಿಸುವುದಕ್ಕೂ ನಡುವೆ ಇರುವ ದೂರ ಅರ್ಧ ಇಂಚು. ಇಲ್ಲಿ ಕಸದಬುಟ್ಟಿ ಎಂಬ ತಂಗುದಾಣ ಇಲ್ಲ, ಹೋದದ್ದು ಹೋಯಿತು. ಆದ್ದರಿಂದ ಮೊದಲು ಎಲ್ಲವನ್ನೂ ಸಿಎಸ್‌ವಿಯಾಗಿ (ಎಕ್ಸೆಲ್‌ನಲ್ಲಿ ತೆರೆಯುವ ಸರಳ ಪಟ್ಟಿ ಫೈಲು) ಇಳಿಸಿಕೊಂಡಿರಿ.

ಇನ್ನು ಶೀಟು. ಸಾಲು ಕಿತ್ತರೂ ವರ್ಷನ್ ಹಿಸ್ಟರಿಯಲ್ಲಿ 42 ಉಳಿಯುತ್ತದೆ, ಎಡಿಟ್ ಅನುಮತಿ ಇರುವ ಯಾರಾದರೂ ಹಿಂದಿನ ಆವೃತ್ತಿ ತೆರೆದು ನೋಡಬಹುದು. ಆ ಒಂದು ಆವೃತ್ತಿಯನ್ನಷ್ಟೇ ಕಿತ್ತುಹಾಕಲು ಆಗುವುದಿಲ್ಲ. ಶೀಟಿನ ಪ್ರತಿ ಮಾಡಿದರೆ ಇತಿಹಾಸ ಬರುವುದಿಲ್ಲ ನಿಜ, ಆದರೆ ಫಾರ್ಮ್ ಜೋಡಿಸಿದ ಶೀಟಿಗೆ ಪ್ರತಿ ಮಾಡಿದರೆ ಫಾರ್ಮಿಗೂ ಒಂದು ಪ್ರತಿ ಹುಟ್ಟುತ್ತದೆ, ಹೊಸ ಉತ್ತರಗಳು ಮಾತ್ರ ಹಳೆಯ ಶೀಟಿಗೇ ಹೋಗುತ್ತಿರುತ್ತವೆ. ಗೊಂದಲಕ್ಕೆ ಇದಕ್ಕಿಂತ ಒಳ್ಳೆಯ ಬೀಜ ಬೇಕಿಲ್ಲ. ಕ್ರಮ ಹೀಗಿರಲಿ: ಮೊದಲು ಫಾರ್ಮಿನಲ್ಲಿ ಅಳಿಸಿ, ನಂತರ ‘ಅನ್‌ಲಿಂಕ್’ ಮಾಡಿ, ಹೊಸ ಶೀಟಿಗೆ ಜೋಡಿಸಿ. ಉಳಿದ ಉತ್ತರಗಳೆಲ್ಲ ಹೊಸದರಲ್ಲಿ ತಾವಾಗೇ ತುಂಬಿಕೊಳ್ಳುತ್ತವೆ, 42ರ ಗುರುತೂ ಇರುವುದಿಲ್ಲ. ಹಳೆಯ ಶೀಟಿನಲ್ಲಿ ‘ತೆಗೆದುಕೊಂಡ ಕ್ರಮ’ ಅಂತ ಕೈಯಾರೆ ಸೇರಿಸಿದ ಕಾಲಂ ಇದ್ದರೆ ಅದು ಬರುವುದಿಲ್ಲ. ಟೈಮ್‌ಸ್ಟಾಂಪ್ (ಉತ್ತರ ಬಂದ ದಿನಾಂಕ, ಸಮಯ) ಹಿಡಿದು ವಿಲುಕಪ್ (VLOOKUP) ಎಂಬ ಹುಡುಕು ಸೂತ್ರದಿಂದ ಎಳೆದುಕೊಂಡು, ಮೌಲ್ಯಗಳಾಗಿ ಪೇಸ್ಟ್ ಮಾಡಿ, ಆಮೇಲೆ ಹಳೆಯದನ್ನು ಅಳಿಸಿ.

ಗೋಡೆಯ ಫೋಟೋ ಇನ್ನೂ ಇದೆ. ಫೈಲ್ ಅಪ್‌ಲೋಡ್ ಪ್ರಶ್ನೆಗೆ ಬಂದದ್ದು ಫಾರ್ಮಿನ ಒಡೆಯರ ಡ್ರೈವ್‌ನಲ್ಲಿ, ಫಾರ್ಮಿನ ಹೆಸರಿನದೇ ಫೋಲ್ಡರಿನಲ್ಲಿ, ಪ್ರಶ್ನೆಗೊಂದು ಒಳಫೋಲ್ಡರಿನಲ್ಲಿ ಕೂರುತ್ತದೆ. ಉತ್ತರ ಅಳಿಸಿದರೆ ಫೋಟೋ ಹೋಗದು. ಅದನ್ನು ಬೇರೆ ಅಳಿಸಿ, ಟ್ರಾಶನ್ನೂ ಖಾಲಿ ಮಾಡಬೇಕು. ಹಾಗೇ ಬಿಟ್ಟರೆ 30 ದಿನ ಇರುತ್ತದೆ. ಕಂಪನಿಯದು ವರ್ಕ್‌ಸ್ಪೇಸ್ ಖಾತೆಯಾಗಿದ್ದರೆ ಟ್ರಾಶ್ ಖಾಲಿಯಾದ ಮೇಲೂ 25 ದಿನದವರೆಗೆ ಅಡ್ಮಿನ್ ಅದನ್ನು ಮರಳಿ ತರಬಲ್ಲರು. ತುಂಬಿದವರಿಗೆ ಉತ್ತರದ ಪ್ರತಿ ಇಮೇಲ್ ಆಗುವ ಆಯ್ಕೆ ಹಾಕಿದ್ದರೆ ಆ ಇಮೇಲ್ ಅವರ ಹತ್ತಿರವೇ.

ಕೊಬೊ ಟೂಲ್‌ಬಾಕ್ಸ್‌ಗೆ ಬಂದರೆ ಉಸಿರು ಬಿಟ್ಟಂತಾಗುತ್ತದೆ. ‘ಡೇಟಾ’, ‘ಟೇಬಲ್’, ಎಡಗಡೆಯ ಚೌಕದಲ್ಲಿ ಗುರುತು, ‘ಡಿಲೀಟ್’. ಮರಳಿ ಬರುವುದಿಲ್ಲ ಎಂದು ಒಮ್ಮೆ ಎಚ್ಚರಿಸುತ್ತದೆ, ಆಮೇಲೆ ದಾಖಲೆಯ ಜತೆ ಫೋಟೋವೂ ಹೋಗುತ್ತದೆ. ಶೀಟು, ಡ್ರೈವ್ ಅಂತ ಅಲೆದಾಟ ಇಲ್ಲ. ಅನುಮತಿ ಹಂಚುವುದರಲ್ಲೂ ಇದೇ ಮುಂದೆ: ತಿದ್ದುವುದು, ಅಳಿಸುವುದು, ಪರಿಶೀಲಿಸಿ ಒಪ್ಪಿಗೆ ಕೊಡುವುದು ಮೂರೂ ಬೇರೆ ಬೇರೆ. ಶಿಫ್ಟ್ ಮೇಲ್ವಿಚಾರಕರಿಗೆ ಒಪ್ಪಿಗೆಯ ಹಕ್ಕು ಮಾತ್ರ ಕೊಟ್ಟು, ಅಳಿಸುವ ಹಕ್ಕನ್ನು ಒಬ್ಬರ ಹತ್ತಿರ ಇಟ್ಟುಕೊಳ್ಳಬಹುದು.

ಆದರೆ ಕೊಬೊದ ಸಲೀಸುತನವೇ ಅದರ ಅಪಾಯ. ಫಿಲ್ಟರ್ ಹಾಕಿ, ಈ ಪುಟದ್ದಷ್ಟೇ ಅಂದುಕೊಂಡು ಎಲ್ಲ ಪುಟಗಳದ್ದನ್ನೂ ಆರಿಸಿ ಅಳಿಸಿದರೆ ವಾಪಸ್ ತರುವ ದಾರಿ ಇಲ್ಲ. ಎಚ್ಚರಿಕೆಯ ಕಿಟಕಿಯಲ್ಲಿ ಎಷ್ಟು ದಾಖಲೆ ಎಂಬ ಅಂಕಿ ಇರುತ್ತದೆ. ಬೇರೇನನ್ನೂ ಓದದಿದ್ದರೂ ಅದೊಂದನ್ನು ಓದಿ. ‘ಡೌನ್‌ಲೋಡ್ಸ್’ ಪುಟದಲ್ಲಿ ಹಿಂದೆ ತಯಾರಿಸಿದ ಎಕ್ಸ್‌ಪೋರ್ಟ್ ಫೈಲುಗಳ ಪಟ್ಟಿಯೂ ಉಳಿದಿರುತ್ತದೆ, ಅದರೊಳಗೆ 42 ಇದೆ. ಅವನ್ನೂ ಅಲ್ಲೇ ಅಳಿಸಬಹುದು. ರೆಸ್ಟ್ ಸರ್ವೀಸಸ್ (ಬಂದ ದಾಖಲೆಯನ್ನು ತಾನಾಗಿ ಬೇರೆಡೆ ಕಳಿಸುವ ಸೌಲಭ್ಯ) ಮೂಲಕ ಬೇರೆ ಸರ್ವರಿಗೆ ದಾಟಿಹೋದ ಪ್ರತಿಯನ್ನು ಕೊಬೊ ಹಿಂದಕ್ಕೆ ಕರೆಯುವುದಿಲ್ಲ.

ಫೋನಿನ ವಿಷಯ ಕೊಬೊಕಲೆಕ್ಟ್‌ಗೂ ಓಡಿಕೆ ಕಲೆಕ್ಟ್‌ಗೂ (ಕೊಬೊ, ಓಡಿಕೆಗಳ ಫಾರ್ಮ್ ತುಂಬಿಸುವ ಫೋನ್ ಆ್ಯಪ್‌ಗಳು) ಒಂದೇ. ಕಳಿಸಿಯಾದ ಫಾರ್ಮುಗಳು ಆ್ಯಪ್‌ನ ‘ಸೆಂಟ್’ ಪಟ್ಟಿಯಲ್ಲಿ ಉಳಿಯುತ್ತವೆ. ಸೆಟ್ಟಿಂಗ್ಸ್‌ನ ಫಾರ್ಮ್ ಮ್ಯಾನೇಜ್‌ಮೆಂಟ್‌ನಲ್ಲಿ ‘ಡಿಲೀಟ್ ಆಫ್ಟರ್ ಸೆಂಡ್’ ಆನ್ ಮಾಡಿದರೆ ಕಳಿಸಿದ ಕೂಡಲೇ ಫೋನಿನಿಂದ ಹೋಗುತ್ತವೆ. ಇದಕ್ಕಿಂತ ಕಿರಿಕಿರಿ, ನೆಟ್‌ವರ್ಕ್ ಸಿಗದೆ ‘ರೆಡಿ ಟು ಸೆಂಡ್’ನಲ್ಲೇ ಕೂತ ಪ್ರಾಯೋಗಿಕ ನಮೂದುಗಳು. ನೆಲಮಾಳಿಗೆಯ ಸ್ಟೋರ್ ರೂಮಿನಲ್ಲಿ ತುಂಬಿದ್ದು, ಫೋನು ಮೇಲೆ ಬಂದು ಸಿಗ್ನಲ್ ಹಿಡಿದಾಗ, ನೀವು ಪಟ್ಟಿಯೆಲ್ಲ ಶುಚಿ ಮಾಡಿದ ಮೇಲೆ, ಸರ್ವರಿಗೆ ಬಂದು ಬೀಳುತ್ತದೆ. ಅಳಿಸುವ ಮೊದಲು ಎಲ್ಲ ಫೋನುಗಳ ಬಾಕಿ ಪಟ್ಟಿ ಸೊನ್ನೆ ಮಾಡಿಸಿ. ಈ ಆ್ಯಪ್‌ಗಳ ಪರವಾಗಿ ಒಂದು ಮಾತು: ಪ್ರತಿ ನಮೂದಿಗೂ ಅದರದೇ ಗುರುತಿನ ಸಂಖ್ಯೆ ಇರುವುದರಿಂದ, ನೆಟ್‌ವರ್ಕ್ ಕಡಿದು ಅದೇ ಫಾರ್ಮ್ ಎರಡು ಸಲ ಹೋದರೂ ಸರ್ವರಿನಲ್ಲಿ ಜೋಡಿ ಹುಟ್ಟುವುದಿಲ್ಲ. ಗೂಗಲ್ ಫಾರ್ಮ್ಸ್‌ನಲ್ಲಿ ಆ ಕಾವಲು ಇಲ್ಲ. ಅಲ್ಲಿ ಅಳಿಸಬೇಕಾದ ದಾಖಲೆಗಳಲ್ಲಿ ಇಂಥ ಜೋಡಿಗಳೂ ಇರುತ್ತವೆ.

ಓಡಿಕೆ ಸೆಂಟ್ರಲ್ ಸ್ವಭಾವದಲ್ಲಿ ಕೊಬೊಗೆ ತದ್ವಿರುದ್ಧ. ಬಹಳ ಕಾಲ ಅದರಲ್ಲಿ ಒಂದೊಂದೇ ದಾಖಲೆ ಅಳಿಸುವ ಸೌಲಭ್ಯವೇ ಇರಲಿಲ್ಲ, 2024.3 ಆವೃತ್ತಿಯಲ್ಲಿ ಬಂತು. ‘ಸಬ್‌ಮಿಷನ್ಸ್’ ಪಟ್ಟಿಯಲ್ಲಿ ಸಾಲಿನ ಮೇಲೆ ಮೌಸ್ ಇಟ್ಟರೆ ಕಸದಬುಟ್ಟಿ ಕಾಣುತ್ತದೆ. ಒತ್ತಿದರೆ ದಾಖಲೆ ಪಟ್ಟಿಯಿಂದ ಮಾಯ, ಆದರೆ 30 ದಿನ ‘ಡಿಲೀಟೆಡ್’ ಪಟ್ಟಿಯಲ್ಲಿದ್ದು ಆಮೇಲೆ ತಾನಾಗಿ ಅಳಿಯುತ್ತದೆ. ಈ ಒಂದು ತಿಂಗಳ ಗಡುವು ತಪಾಸಣೆ ದಾಖಲೆಗೆ ಹೇಳಿ ಮಾಡಿಸಿದಂತಿದೆ, ತಿಂಗಳ ವರದಿ ತಾಳೆ ನೋಡುವಷ್ಟರಲ್ಲಿ ತಪ್ಪಿ ಅಳಿಸಿದ್ದು ಗೊತ್ತಾಗಿಯೇ ಆಗುತ್ತದೆ. ತೊಡಕು ಎರಡು. ಫಾರ್ಮ್ ಎಂಟಿಟಿ, ಅಂದರೆ ಬೇರೆ ಫಾರ್ಮುಗಳೂ ಬಳಸುವ ಪಟ್ಟಿಯ ಒಂದು ಐಟಂ, ಸೃಷ್ಟಿಸುವಂಥದ್ದಾಗಿದ್ದರೆ (ಉದಾಹರಣೆಗೆ ಹೊಸ ಕೂಲರ್ ನೋಂದಣಿ) ದಾಖಲೆ ಅಳಿಸಿದರೂ ಎಂಟಿಟಿ ಉಳಿಯುತ್ತದೆ, ಇಲ್ಲದ ಕೂಲರ್ ಡ್ರಾಪ್‌ಡೌನ್‌ನಲ್ಲಿ ಕಾಣುತ್ತಲೇ ಇರುತ್ತದೆ. ಅದನ್ನು ಎಂಟಿಟಿ ಪಟ್ಟಿಗೆ ಹೋಗಿ ಬೇರೆ ತೆಗೆಯಬೇಕು. ಎರಡನೆಯದು, ಸರ್ವರ್ ನಿಮ್ಮದೇ ಆಗಿದ್ದರೆ ದಿನದಿನದ ಬ್ಯಾಕಪ್ ಕೂಡ ನಿಮ್ಮದೇ. 30 ದಿನ ಮುಗಿದ ಮೇಲೆ ಹಳೆಯ ಬ್ಯಾಕಪ್‌ನಿಂದ ಸರ್ವರ್ ಎಬ್ಬಿಸಿದರೆ 42 ಕೂಡ ಎದ್ದು ಬರುತ್ತದೆ.

ಮೈಕ್ರೋಸಾಫ್ಟ್ ಲಿಸ್ಟ್ಸ್‌ನದು ಅಳಿಸುವುದರಲ್ಲೂ ಸರ್ಕಾರಿ ಕಚೇರಿಯ ನಡಿಗೆ. ಅಳಿಸಿದ್ದು ಪಟ್ಟಿ ಇರುವ ಶೇರ್‌ಪಾಯಿಂಟ್ ಸೈಟಿನ (ಕಂಪನಿಯ ಒಳಜಾಲತಾಣದ) ರೀಸೈಕಲ್ ಬಿನ್‌ಗೆ, ಅಲ್ಲಿಂದ ತೆಗೆದರೆ ಎರಡನೇ ಹಂತದ ಬಿನ್‌ಗೆ. ಎರಡೂ ಸೇರಿ 93 ದಿನ. ಎರಡನೇ ಬಿನ್ ಕಾಣುವುದು ಸೈಟ್ ಕಲೆಕ್ಷನ್ ಅಡ್ಮಿನ್‌ಗೆ ಮಾತ್ರ, ಬೇಗ ಹೋಗಬೇಕಾದರೆ ಅವರೇ ಅಲ್ಲಿ ಅಳಿಸಬೇಕು. ಅಳಿಸಿದ ಐಟಮ್‌ನ ಐಡಿ ಸಂಖ್ಯೆ ಮತ್ತೆ ಬಳಕೆಗೆ ಬರುವುದಿಲ್ಲ, 312ನ್ನು ಅಳಿಸಿದರೆ 311ರ ಮುಂದೆ 313 ಕಾಣುತ್ತದೆ. ಆಡಿಟರ್ ಕಣ್ಣು ಮೊದಲು ಹೋಗುವುದೇ ಆ ಸಂದಿಗೆ. ಪವರ್ ಆಟೋಮೇಟ್ ಹರಿವು (ಹೊಸ ನಮೂದು ಬಂದಾಗ ತಾನಾಗಿ ಇಮೇಲ್ ಕಳಿಸುವಂಥ ಸ್ವಯಂಚಾಲಿತ ಕೆಲಸ) ಇದಕ್ಕೆ ಜೋಡಿಸಿದ್ದರೆ ಅದರ ರನ್ ಹಿಸ್ಟರಿಯಲ್ಲಿ ಆ ಐಟಮ್‌ನ ವಿವರ 28 ದಿನ ಇರುತ್ತದೆ, ಅದು ಕಳಿಸಿದ ಇಮೇಲ್ ಅಂತೂ ಶಾಶ್ವತ.

ಸೇಫ್ಟಿಕಲ್ಚರ್ (ಹಳಬರ ಬಾಯಲ್ಲಿ ಇನ್ನೂ ಐಆಡಿಟರ್) ತಪಾಸಣೆಗೆಂದೇ ಹುಟ್ಟಿದ್ದು. ಇಲ್ಲಿ ನೆನಪಿಡಬೇಕಾದದ್ದು: ಆರ್ಕೈವ್ ಅಂದರೆ ಅಳಿಸುವುದಲ್ಲ. ಆರ್ಕೈವ್ ಮಾಡಿದ ತಪಾಸಣೆ ಎದುರಿನ ಪಟ್ಟಿಯಿಂದ ಸರಿಯುತ್ತದೆ, ಬೇಕೆಂದಾಗ ಮರಳುತ್ತದೆ. ಶಾಶ್ವತವಾಗಿ ಅಳಿಸುವುದು ಬೇರೆಯೇ ಹೆಜ್ಜೆ. ಡೇಟಾವನ್ನು ಎಕ್ಸ್‌ಪೋರ್ಟರ್ (ಡೇಟಾ ಹೊರತೆಗೆಯುವ ಅದರದೇ ಸಾಧನ) ಮೂಲಕ ಪವರ್ ಬಿಐಗೆ, ಅಂದರೆ ಮೈಕ್ರೋಸಾಫ್ಟ್‌ನ ಡ್ಯಾಶ್‌ಬೋರ್ಡ್ ತಂತ್ರಾಂಶಕ್ಕೆ, ಎಳೆಯುತ್ತಿದ್ದರೆ ಆರ್ಕೈವ್ ಆದವನ್ನು ಸೇರಿಸಬೇಕೇ ಬೇಡವೇ ಎಂಬ ಆಯ್ಕೆ ಇದೆ. ಅದು ‘ಎರಡೂ’ ಎಂದಿದ್ದರೆ ಆ್ಯಪ್‌ನಲ್ಲಿ ಕಾಣದ 42 ಡ್ಯಾಶ್‌ಬೋರ್ಡಿನಲ್ಲಿ ಕಾಣುತ್ತದೆ. ಯಾವ ತಂತ್ರಾಂಶವೇ ಇರಲಿ, ಪವರ್ ಬಿಐನಲ್ಲಿ ಇನ್‌ಕ್ರಿಮೆಂಟಲ್ ರಿಫ್ರೆಶ್ (ಇತ್ತೀಚಿನ ಡೇಟಾ ಮಾತ್ರ ಹೊಸದಾಗಿ ತರುವ ವ್ಯವಸ್ಥೆ) ಹಾಕಿದ್ದರೆ ಹಳೆಯ ತಿಂಗಳ ಭಾಗವನ್ನು ಅದು ಮುಟ್ಟುವುದೇ ಇಲ್ಲ. ಮೂಲದಲ್ಲಿ ಅಳಿಸಿದ ಮೇಲೆ ಒಮ್ಮೆ ಪೂರ್ತಿ ರಿಫ್ರೆಶ್ ಮಾಡಬೇಕು.

ಒಂದೇ ಆರಿಸಬೇಕೆಂದರೆ, ಹತ್ತಿಪ್ಪತ್ತು ಜನರ ಅಡುಗೆಮನೆ ಅಥವಾ ಸಣ್ಣ ಘಟಕಕ್ಕೆ ಕೊಬೊ; ಅಳಿಸುವ ಹಕ್ಕು ಒಬ್ಬರಿಗೆ ಮಾತ್ರ ಎಂಬ ಷರತ್ತಿನ ಮೇಲೆ. ಸರ್ವರ್ ನೋಡಿಕೊಳ್ಳುವವರು ಇದ್ದರೆ ಓಡಿಕೆ ಸೆಂಟ್ರಲ್ ಒಂದು ಕೈ ಮೇಲು. ಗೂಗಲ್ ಫಾರ್ಮ್ಸ್ ಈಗಾಗಲೇ ಬೇರೂರಿದ್ದರೆ ಬಿಡಿಸುವುದು ಕಷ್ಟ, ಮೇಲಿನ ಕ್ರಮ ಮುದ್ರಿಸಿ ಗೋಡೆಗೆ ಅಂಟಿಸಿಕೊಳ್ಳಿ.

ಇಷ್ಟೆಲ್ಲ ಪ್ರಾಯೋಗಿಕ ನಮೂದು, ಜೋಡಿ ನಮೂದುಗಳ ಮಾತಾಯಿತು. ನಿಜವಾಗಿ ನಡೆದ ತಪಾಸಣೆಯಲ್ಲಿ 4.2ರ ಬದಲು 42 ಬಿದ್ದಿದ್ದರೆ ಅಳಿಸಲೇಬಾರದು, ತಿದ್ದಬೇಕು. ಕೊಬೊದಲ್ಲಿ ‘ನಾಟ್ ಅಪ್ರೂವ್ಡ್’, ಓಡಿಕೆಯಲ್ಲಿ ‘ಹ್ಯಾಸ್ ಇಶ್ಯೂಸ್’ ಅಥವಾ ‘ರಿಜೆಕ್ಟೆಡ್’ ಗುರುತು ಇರುವುದು ಇದಕ್ಕೇ. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ವಿದ್ಯುನ್ಮಾನ ದಾಖಲೆಗಳ ನಿಯಮ, 21 ಸಿಎಫ್‌ಆರ್ ಭಾಗ 11, ತಿದ್ದುಪಡಿಯಿಂದ ಹಿಂದಿನ ಮಾಹಿತಿ ಮರೆಯಾಗಬಾರದು ಎಂದು ಸ್ಪಷ್ಟವಾಗಿ ಹೇಳುತ್ತದೆ. ಅಲ್ಲಿಗೆ ಔಷಧ ರಫ್ತು ಮಾಡುವ ಘಟಕಗಳಿಗೆ ಇದು ಹೊಸತಲ್ಲ. ಇನ್ನು ಅವಘಡ ನಡೆದ ಮೇಲೆ ಹಳೆಯ ‘ವಿಫಲ’ ದಾಖಲೆ ಅಳಿಸುವುದು ತಿಪ್ಪೆ ಸಾರಿಸುವ ಕೆಲಸ. ಸಾಕ್ಷ್ಯವಾಗಿ ಹಾಜರಾಗದಂತೆ ವಿದ್ಯುನ್ಮಾನ ದಾಖಲೆ ನಾಶ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 241ನೇ ಕಲಂ ಪ್ರಕಾರ ಅಪರಾಧ.

ಅಳಿಸುವ ಮುನ್ನ ಒಂದು ರಿಜಿಸ್ಟರ್‌ನಲ್ಲಿ, ಕಾಗದದ್ದಾದರೂ ಸರಿ, ಒಂದು ಸಾಲು ಬರೆಯಿರಿ: ದಾಖಲೆಯ ಗುರುತಿನ ಸಂಖ್ಯೆ, ಕಳಿಸಿದ ದಿನಾಂಕ ಮತ್ತು ಸಮಯ, ಯಾವ ಕೂಲರ್, ಏಕೆ ಅಳಿಸಿದ್ದು (‘ತರಬೇತಿ ನಮೂದು’, ‘ಜೋಡಿ’), ಹೇಳಿದವರು, ಅಳಿಸಿದವರು. ಹೇಳಿದವರೂ ಅಳಿಸಿದವರೂ ಒಬ್ಬರೇ ಆಗಿರಬಾರದು. 312 ಎಲ್ಲಿ ಎಂದು ಆಡಿಟರ್ ಕೇಳಿದಾಗ ಆ ಪುಟ ತೆರೆದು ತೋರಿಸಿದರಾಯಿತು.