ಎಚ್‌5ಪಿ ಡ್ರ್ಯಾಗ್ ಅಂಡ್ ಡ್ರಾಪ್: ಬಹಳ ಕಾಲ ಬಳಸಿದ ಮೇಲೆ ಅನಿಸಿದ್ದು

ಮಕ್ಕಳಿಗೆ ಎಳೆದು ಜೋಡಿಸುವ ಚಟುವಟಿಕೆ ಮಾಡಿಕೊಡಲು ಈಗ ಹತ್ತಾರು ಸೇವೆಗಳಿವೆ. ಕೆಲವನ್ನು ಬಳಸಿ ಬಿಟ್ಟಿದ್ದೇನೆ. ಬಿಡದೆ ಉಳಿಸಿಕೊಂಡಿರುವುದು ಎಚ್‌5ಪಿ ಒಂದನ್ನೇ. ಇದು 2013ರಲ್ಲಿ ನಾರ್ವೆಯಲ್ಲಿ ಶುರುವಾದ ಮುಕ್ತ ತಂತ್ರಾಂಶ, ಉಚಿತ. ನಾನು ಇದಕ್ಕೇ ಅಂಟಿಕೊಂಡಿರುವುದಕ್ಕೆ ಇನ್ನೊಂದು ಕಾರಣವಿದೆ: ಮಾಡಿದ ಚಟುವಟಿಕೆ ಒಂದು ಫೈಲ್ ಆಗಿ ನಮ್ಮ ಕೈಯಲ್ಲೇ ಇರುತ್ತದೆ. ಅದನ್ನು ಮೂಡಲ್ ಅನ್ನುವ ಆನ್‌ಲೈನ್ ಪಾಠದ ವ್ಯವಸ್ಥೆಗೆ ಹಾಕಬಹುದು, ಪ್ಲಗಿನ್ (ಜೊತೆಗೆ ಸೇರಿಸಿಕೊಳ್ಳುವ ಚಿಕ್ಕ ತಂತ್ರಾಂಶ) ಇದ್ದರೆ ವರ್ಡ್‌ಪ್ರೆಸ್‌ನಲ್ಲಿ ಮಾಡಿದ ಜಾಲತಾಣಕ್ಕೂ ಹಾಕಬಹುದು. ಹಿಂದೆ ಬಳಸುತ್ತಿದ್ದ ಒಂದು ಸೇವೆ ಇದ್ದಕ್ಕಿದ್ದಂತೆ ಉಚಿತ ಖಾತೆಗೆ ಮಿತಿ ಹಾಕಿತು. ಮಾಡಿಟ್ಟಿದ್ದನ್ನು ಹೊರಗೆ ತೆಗೆಯಲು ದಾರಿಯೇ ಇರಲಿಲ್ಲ. ಆ ಗೋಳು ಇಲ್ಲಿಲ್ಲ.

ಎಳೆದು ಬಿಡುವ ಕೆಲಸಕ್ಕೆ ಇದರಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಚಿತ್ರದ ಮೇಲೆ ಹೆಸರು ಅಂಟಿಸಲು, ಗುಂಪು ಮಾಡಿಸಲು ಡ್ರ್ಯಾಗ್ ಅಂಡ್ ಡ್ರಾಪ್. ವಾಕ್ಯದ ಬಿಟ್ಟ ಜಾಗಕ್ಕೆ ಪದ ಎಳೆಸಲು ಡ್ರ್ಯಾಗ್ ದ ವರ್ಡ್ಸ್. ಎರಡನೆಯದು ತುಂಬಾ ಸುಲಭ. ಪಠ್ಯ ಬರೆದು, ಖಾಲಿ ಬಿಡಬೇಕಾದ ಪದದ ಎರಡೂ ಬದಿಗೆ ನಕ್ಷತ್ರ ಚಿಹ್ನೆ ಹಾಕಿದರೆ ಮುಗಿಯಿತು. ಮೊದಲನೆಯದು ಸ್ವಲ್ಪ ತಾಳ್ಮೆ ಕೇಳುತ್ತದೆ.

ಅದರಲ್ಲಿ ಗಮನಿಸಲೇಬೇಕಾದ ಒಂದು ವಿಷಯ ಇದೆ. ಪ್ರತಿಯೊಂದಕ್ಕೂ ಎರಡು ಕಡೆ ಟಿಕ್ ಹಾಕಬೇಕು. ಎಳೆಯುವ ವಸ್ತು ಯಾವ ಯಾವ ಡ್ರಾಪ್ ಜೋನ್‌ನಲ್ಲಿ (ವಸ್ತುವನ್ನು ಬಿಡುವ ಚೌಕದಲ್ಲಿ) ಕೂರಬಹುದು ಅನ್ನುವುದು ಒಂದು. ಆ ಜೋನ್‌ಗೆ ಸರಿ ಉತ್ತರ ಯಾವುದು ಅನ್ನುವುದು ಇನ್ನೊಂದು. ಬೇರೆಯವರು ಮಾಡಿದ ಎಷ್ಟೋ ಚಟುವಟಿಕೆಗಳಲ್ಲಿ ಮೊದಲನೆಯ ಕಡೆಯೂ ಸರಿ ಜೋನ್‌ಗೆ ಮಾತ್ರ ಟಿಕ್ ಇರುತ್ತದೆ. ಆಗ ತಪ್ಪು ಕಡೆ ಬಿಟ್ಟ ವಸ್ತು ಪುಟಿದು ವಾಪಸ್ ಬರುತ್ತದೆ. ಮಗು ಎಲ್ಲ ಕಡೆ ಎಳೆದು ನೋಡಿ, ಎಲ್ಲಿ ಕೂತಿತೋ ಅದೇ ಉತ್ತರ ಅಂತ ಮುಂದೆ ಹೋಗುತ್ತದೆ. ಪೂರ್ತಿ ಅಂಕ, ಯೋಚನೆ ಸೊನ್ನೆ. ಎಲ್ಲ ಜೋನ್‌ಗಳಿಗೂ ಟಿಕ್ ಹಾಕಿಬಿಡಿ. ತಪ್ಪು ಮಾಡಲು ಜಾಗ ಇದ್ದರೆ ತಾನೇ ಅದು ಪ್ರಶ್ನೆ?

ನನ್ನ ಪ್ರಕಾರ ಡ್ರ್ಯಾಗ್ ಅಂಡ್ ಡ್ರಾಪ್ ನಿಜವಾಗಿ ಬೆಳಗುವುದು ವರ್ಗೀಕರಣದಲ್ಲಿ. ಹಕ್ಕಿ, ಮೀನು, ಸಸ್ತನಿ ಅಂತ ಮೂರು ಜೋನ್ ಮಾಡಿ, ಗುಬ್ಬಿ, ಹಸು ಕೊಟ್ಟರೆ ಏನೂ ಪ್ರಯೋಜನ ಇಲ್ಲ. ಬಾವಲಿ, ತಿಮಿಂಗಿಲ, ಪೆಂಗ್ವಿನ್ ಕೊಡಿ, ಆಗ ಕೈ ಸ್ವಲ್ಪ ತಡೆಯುತ್ತದೆ. ಇಲ್ಲೊಂದು ಕೊರತೆಯೂ ಉಂಟು. ತಪ್ಪಾದಾಗ ತೋರಿಸುವ ಮಾತನ್ನು ಜೋನ್‌ಗೆ ಬರೆಯಬಹುದೇ ಹೊರತು ಒಂದೊಂದು ವಸ್ತುವಿಗೂ ಬೇರೆ ಬೇರೆ ಬರೆಯಲು ಬರುವುದಿಲ್ಲ. ಹಾಗಾಗಿ ಹಕ್ಕಿ ಜೋನ್‌ಗೆ ನಾನು 'ಇದಕ್ಕೆ ಗರಿ ಇದೆಯಾ? ಮೊಟ್ಟೆ ಇಡುತ್ತದಾ?' ಅಂತ ಬರೆದಿದ್ದೇನೆ. ಬಾವಲಿ ಬಿದ್ದರೂ ತಿಮಿಂಗಿಲ ಬಿದ್ದರೂ ಅದೇ ಪ್ರಶ್ನೆ ಸರಿಹೋಗುತ್ತದೆ. ಉತ್ತರವನ್ನೂ ಬಿಟ್ಟುಕೊಡುವುದಿಲ್ಲ.

ವಸ್ತುಗಳೂ ಜೋನ್‌ಗಳೂ ಒಂದಕ್ಕೊಂದು ಸಮ ಇದ್ದರೆ ಕೊನೆಯದು ತಾನಾಗಿ ಸರಿಯಾಗುತ್ತದೆ, ಅಲ್ವಾ? ಅದಕ್ಕೇ ಎಲ್ಲಿಗೂ ಸೇರದ ಒಂದೆರಡು ಹೆಚ್ಚುವರಿ ಹೆಸರು ಸೇರಿಸುವುದು ಒಳ್ಳೆಯದು.

ಡ್ರ್ಯಾಗ್ ದ ವರ್ಡ್ಸ್‌ನಲ್ಲಿ ಕನ್ನಡಕ್ಕೇ ಇರುವ ತಲೆನೋವು ಬೇರೆ. ನಮ್ಮ ಪದಗಳು ವಿಭಕ್ತಿ ಹೊತ್ತುಕೊಂಡೇ ಬರುತ್ತವೆ. ವಾಕ್ಯದಲ್ಲಿದ್ದ ಹಾಗೇ 'ಹೃದಯವು', 'ಶ್ವಾಸಕೋಶಕ್ಕೆ', 'ರಕ್ತದಿಂದ' ಅಂತ ಎಳೆಯಲು ಕೊಟ್ಟರೆ, ವಿಜ್ಞಾನ ಗೊತ್ತಿಲ್ಲದ ಮಗುವೂ ಕಿವಿಗೆ ಸರಿ ಅನಿಸಿದ ಕಡೆ ಹಾಕಿ ಗೆಲ್ಲುತ್ತದೆ. ಪ್ರತ್ಯಯ ಉತ್ತರ ಹೇಳಿಕೊಟ್ಟಿತಷ್ಟೇ. ಆದ್ದರಿಂದ ವಾಕ್ಯವನ್ನೇ ತಿರುಗಿಸಿ ಬರೆಯುತ್ತೇನೆ. 'ದೇಹಕ್ಕೆಲ್ಲ ರಕ್ತ ಪಂಪ್ ಮಾಡುವ ಅಂಗ ಹೃದಯ', 'ರಕ್ತಕ್ಕೆ ಆಮ್ಲಜನಕ ಸೇರುವ ಜಾಗ ಶ್ವಾಸಕೋಶ.' ಖಾಲಿ ಜಾಗ ಯಾವಾಗಲೂ ಕೊನೆಯಲ್ಲಿ, ಪದ ಬರಿಮೈಯಲ್ಲಿ. ಇನ್ನೊಂದು ಮಾತು. ಇದರಲ್ಲಿ ಎಲ್ಲ ಖಾಲಿ ಚೌಕಗಳೂ ಅತಿ ಉದ್ದದ ಪದದಷ್ಟೇ ಅಗಲ ಇರುತ್ತವೆ. ಉದ್ದ ನೋಡಿ ಊಹಿಸಲು ಆಗದಿರುವುದು ಒಳ್ಳೆಯದೇ. ಆದರೆ ಒಂದು 'ದ್ಯುತಿಸಂಶ್ಲೇಷಣೆ' ಬಂದರೆ ಸಾಕು, ಇಡೀ ಪುಟ ತೂತು ತೂತಾಗಿ ಕಾಣುತ್ತದೆ.

ಮೊಬೈಲ್ ಪರದೆ ಇದರ ದುರ್ಬಲ ಜಾಗ. ಡ್ರ್ಯಾಗ್ ಅಂಡ್ ಡ್ರಾಪ್‌ನ ಚಿತ್ರ, ಅಕ್ಷರ, ಚೌಕ ಎಲ್ಲವೂ ಪರದೆಗೆ ತಕ್ಕಂತೆ ಒಟ್ಟಿಗೆ ಕುಗ್ಗುತ್ತವೆ. ಕಂಪ್ಯೂಟರಿನಲ್ಲಿ ಅಂದವಾಗಿ ಕಂಡ ಒತ್ತಕ್ಷರ ಫೋನಿನಲ್ಲಿ ಚುಕ್ಕಿಯಾಗುತ್ತದೆ. ಒಂದು ಚಿತ್ರಕ್ಕೆ ಐದಾರು ಹೆಸರು ಸಾಕು. ಜಾಸ್ತಿ ಇದ್ದರೆ ಎರಡು ಚಟುವಟಿಕೆಯಾಗಿ ಒಡೆಯಿರಿ.

ಬೆರಳಲ್ಲಿ ಎಳೆಯಲು ಕಷ್ಟವಾಗುವ ಮಕ್ಕಳೂ ಇರುತ್ತಾರೆ. ಇಲ್ಲಿ ಕೀಬೋರ್ಡಿನಿಂದಲೂ ವಸ್ತುವನ್ನು ಆರಿಸಿ ಜೋನ್‌ನಲ್ಲಿ ಬಿಡಬಹುದು. ಅದು ನನಗೆ ತುಂಬಾ ಇಷ್ಟವಾದ ಸಂಗತಿ. ಜಾಲತಾಣಗಳು ಅಂಗವೈಕಲ್ಯ ಇರುವವರಿಗೂ ಬಳಸಲು ಬರುವಂತಿರಬೇಕು ಅನ್ನುವ 2023ರ ಡಬ್ಲ್ಯೂಸಿಎಜಿ 2.2 ಮಾರ್ಗಸೂಚಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಎಳೆಯುವ ಕೆಲಸವನ್ನು ಎಳೆಯದೆ ಬರೀ ಒತ್ತಿ ಮಾಡುವ ದಾರಿಯೂ ಇರಬೇಕು ಅನ್ನುತ್ತದೆ. ಯಾವ ಸೇವೆ ಆರಿಸಿದರೂ ಇದನ್ನು ನೋಡಿಕೊಳ್ಳಿ.

ಅಂಕ ಕೊಡುವ ಪರೀಕ್ಷೆಗೆ ಮಾತ್ರ ಇದನ್ನು ನಂಬಬೇಡಿ. ಉತ್ತರಗಳೂ ಚಟುವಟಿಕೆಯ ಜೊತೆಗೇ ಬ್ರೌಸರಿಗೆ ಬರುತ್ತವೆ. ಹುಡುಕಲು ಗೊತ್ತಿರುವ ಹುಡುಗ ಹುಡುಕಿಯೇ ಹುಡುಕುತ್ತಾನೆ. ಅಭ್ಯಾಸಕ್ಕೆ, ಪಾಠದ ಮಧ್ಯೆ ಒಂದು ಪರಿಶೀಲನೆಗೆ ಇದು ಸರಿ. ಮೂಡಲ್‌ನಲ್ಲಿ ಹಾಕಿದರೆ ಅಂಕ ಗ್ರೇಡ್ ಪುಸ್ತಕಕ್ಕೂ ಹೋಗುತ್ತದೆ, ಯಾರಿಗೆ ಎಲ್ಲಿ ಕಷ್ಟ ಅಂತ ಅಂದಾಜು ಸಿಗುತ್ತದೆ.

ಸರ್ವರ್, ಪ್ಲಗಿನ್ ಅಂದರೆ ಹೆದರುವವರಿಗೆ ಲುಮಿ ಅನ್ನುವ ಉಚಿತ ಡೆಸ್ಕ್‌ಟಾಪ್ ಎಡಿಟರ್ ಇದೆ. ಅದರಲ್ಲಿ ಚಟುವಟಿಕೆ ಮಾಡಿ ಒಂದೇ ಎಚ್‌ಟಿಎಂಎಲ್ ಫೈಲಾಗಿ ಉಳಿಸಿದರೆ ಇಂಟರ್ನೆಟ್ ಇಲ್ಲದ ಕಂಪ್ಯೂಟರಿನಲ್ಲೂ ತೆರೆಯುತ್ತದೆ. ಮೂಲ ಎಚ್‌5ಪಿ ಫೈಲನ್ನೂ ಜೊತೆಗೆ ಇಟ್ಟುಕೊಳ್ಳಿ. ಮುಂದೆ ತಿದ್ದಬೇಕಾದರೆ ಬೇಕಾಗುವುದು ಅದೇ.