ಅಷ್ಟಮಿ ಮೂಡೆಗೆ ತಂದ 2 ಲೀಟರ್ ಗ್ರೈಂಡರ್ ಹೇಗಿದೆ?

ಅಮ್ಮನಿಗೆ ಮಂಡಿ ನೋವು. ಹಾಗಾಗಿ ಈ ಸಲ ಕೃಷ್ಣಾಷ್ಟಮಿ ರಾತ್ರಿಯ ಊಟ ನನ್ನ ಪಾಲಿಗೆ ಬಂತು. ದೊಡ್ಡಮ್ಮ, ಮಾವ, ಮಕ್ಕಳು ಎಲ್ಲ ಸೇರಿ ಉಡುಪಿಯ ನಮ್ಮ ಮನೆಯಲ್ಲಿ 14 ಜನ. ಅಷ್ಟು ಜನಕ್ಕೆ ನಾನು ಅಡುಗೆ ಮಾಡಿದ್ದು ಇದೇ ಮೊದಲು. ಬಸಳೆ, ಕಡ್ಲೆ ಗಸಿ, ಪಾಯಸ ಹೇಗೋ ಆಗುತ್ತದೆ, ಆದರೆ ಮೂಡೆ, ಅಂದರೆ ಎಲೆಯ ಸುರುಳಿಯಲ್ಲಿ ಬೇಯಿಸುವ ಇಡ್ಲಿ, ಕಲ್ಲಿನ ಹಾಗೆ ಗಟ್ಟಿಯಾದರೆ ಅಷ್ಟಮಿಗೆ ಏನು ಉಳಿಯಿತು ಹೇಳಿ? ಅದಕ್ಕೇ ಹಬ್ಬಕ್ಕೆ ಎರಡು ವಾರ ಇರುವಾಗ ಟೇಬಲ್ ಟಾಪ್ ಗ್ರೈಂಡರ್ ತಂದೆ. 150 ವ್ಯಾಟ್, 4,800 ರೂಪಾಯಿ.

ಹೊಸ ಕಲ್ಲಿನಲ್ಲಿ ನೇರ ಹಬ್ಬದ ಹಿಟ್ಟು ಕಡೆಯಬೇಡಿ. ಒಂದು ಕುಡ್ತೆ (ಅಳತೆಯ ಲೋಟ) ಹಳೆ ಅಕ್ಕಿ ಹಾಕಿ ಕಡೆದರೆ ಬೂದು ಬಣ್ಣದ ಹಿಟ್ಟು ಬಂತು, ಬೆರಳಲ್ಲಿ ಉಜ್ಜಿದರೆ ಮರಳು. ಮೂರನೇ ಸಲಕ್ಕೆ ಬೆಳ್ಳಗಾಯಿತು.

ನಾನು ನೆನೆಸಿದ್ದು 3 ಕುಡ್ತೆ ಉದ್ದು, 6 ಕುಡ್ತೆ ಬೆಳ್ತಿಗೆ (ಕುದಿಸದ ಬಿಳಿ) ಅಕ್ಕಿ. 2 ಲೀಟರ್ ಎಂದರೂ ಉದ್ದು ಉಬ್ಬುತ್ತದಲ್ಲ, ಒಂದೇ ಸಲಕ್ಕೆ ಹಿಡಿಯುವುದಿಲ್ಲ, ಎರಡು ಸಲ ಕಡೆಯಬೇಕಾಯಿತು, ಒಂದೊಂದಕ್ಕೂ ಅರ್ಧ ಗಂಟೆ. ಮಿಕ್ಸಿಯಲ್ಲಾದರೆ ಬ್ಲೇಡ್ ತಿರುಗುವ ರಭಸಕ್ಕೆ ಹಿಟ್ಟು ಬಿಸಿಯಾಗುತ್ತದೆ. ಇಲ್ಲಿ ಕಲ್ಲು ನಿಧಾನ, ಸ್ವಲ್ಪ ಸ್ವಲ್ಪ ತಣ್ಣೀರು ಚಿಮುಕಿಸುತ್ತಾ ಹೋದರೆ ಹಿಟ್ಟು ಬೆಣ್ಣೆಯ ಹಾಗೆ ಮೇಲೇಳುತ್ತದೆ. ಅಮ್ಮ ಕುರ್ಚಿಯಲ್ಲೇ ಕೂತು ಒಂದು ಲೋಟ ನೀರು ತರಿಸಿ, ಅದಕ್ಕೆ ಒಂದು ಹನಿ ಹಿಟ್ಟು ಬಿಟ್ಟರು. ತೇಲಿತು. ಸಾಕು, ತೆಗಿ ಅಂದರು. ಅಕ್ಕಿಯನ್ನು ಮಾತ್ರ ಸಣ್ಣ ರವೆಯ ಹದಕ್ಕೆ ನಿಲ್ಲಿಸಿದೆ.

ಮಳೆಗಾಲದ ತಂಡಿಗೆ ಹಿಟ್ಟು ಬೇಗ ಹುಳಿ ಬರುವುದಿಲ್ಲ. ಹಿಂದಿನ ರಾತ್ರಿ ಕಡೆದು ಒಲೆಯ ಪಕ್ಕ ಇಟ್ಟದ್ದು ಮಧ್ಯಾಹ್ನಕ್ಕೆ ಉಬ್ಬಿತು. ರಥಬೀದಿಯಿಂದ ತಂದ ಮೂಡೆ ಕೊಟ್ಟೆಗೆ (ಎಲೆಯ ಸುರುಳಿಗೆ) ಮುಕ್ಕಾಲು ತುಂಬಿಸಿ ಒಂದು ಗಂಟೆ ಬೇಯಿಸಿದೆ. ರಾತ್ರಿ ಅರ್ಘ್ಯ ಬಿಟ್ಟು ಎಲ್ಲರೂ ಊಟಕ್ಕೆ ಕೂತಾಗ ದೊಡ್ಡಮ್ಮ ಎಲೆ ಸುರುಳಿ ಬಿಚ್ಚಿ, ಮೂಡೆಯನ್ನು ಮುರಿದು, ಒಳಗಿನ ತೂತುಗಳನ್ನು ನೋಡಿದರು. ಆಮೇಲೆ ಇನ್ನೊಂದು ಹಾಕು ಅಂದರು. ನನಗೆ ಆಗ ಆದ ಖುಷಿ ದೊಡ್ಡದು.

ಬೇಸರದ ವಿಷಯವೂ ಇದೆ. ಹಿಟ್ಟು ಒತ್ತುವ ಪ್ಲಾಸ್ಟಿಕ್ ಪಟ್ಟಿ ಎರಡನೇ ದಿನಕ್ಕೇ ಸಡಿಲವಾಯಿತು. ಇಷ್ಟು ದುಡ್ಡು ಕೊಟ್ಟ ಮೇಲೆ ಅದು ಗಟ್ಟಿ ಇರಬೇಕಿತ್ತು. ಪಾತ್ರೆ ಎತ್ತುವುದೂ ಕಷ್ಟ, ಕಲ್ಲುಗಳನ್ನು ಮೊದಲು ಹೊರಗೆ ತೆಗೆಯಿರಿ, ಇಲ್ಲದಿದ್ದರೆ ಸೊಂಟ ಹಿಡಿಯುತ್ತದೆ. ತೊಳೆಯುವುದನ್ನು ತಡ ಮಾಡಬೇಡಿ, ಉದ್ದು ಒಣಗಿದರೆ ಅಂಟಿನ ಹಾಗೆ ಹಿಡಿದುಕೊಳ್ಳುತ್ತದೆ. ಗಸಿಯ ತೆಂಗಿನಕಾಯಿ ಮಸಾಲೆಗೆ ಮಿಕ್ಸಿಯೇ ಸಾಕು, ಸ್ವಲ್ಪ ಮಸಾಲೆ ಈ ಕಲ್ಲಿಗೆ ಸಿಗುವುದೇ ಇಲ್ಲ.

ಇಬ್ಬರೇ ಇರುವ ಮನೆಗೆ ಸುಮ್ನೆ ಜಾಗ ತಿನ್ನುತ್ತದೆ, ಬೇಡ. ಹಬ್ಬಕ್ಕೆ ಜನ ಸೇರುವ ಮನೆಯಾದರೆ ಧೈರ್ಯವಾಗಿ ತನ್ನಿ. ಪಟ್ಟಿ ಬದಲಿಸಿ ಕೊಡಿ ಎಂದು ಅಂಗಡಿಯಲ್ಲಿ ಹೇಳಿ ಬಂದಿದ್ದೇನೆ, ಚೌತಿಗೆ ಮುಂಚೆ ಬರಬೇಕು.